ಆತಕೂರಿನ ಪಂದಿ ಎಲ್ಲಿ ಹೋಯಿತು?

ಆತಕೂರು ಶಾಸನದ ಕಥೆ ಕನ್ನಡ ಎಂ.ಎ. ತರಗತಿಯಲ್ಲಿ ಕೂತವರಿಗೆಲ್ಲ ಗೊತ್ತಿರುವಂಥದ್ದು. ಶಕವರ್ಷ 872, ಅಂದರೆ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ರಾಜಾದಿತ್ಯನನ್ನು ಸೋಲಿಸಿದ. ಗಂಗರ ಇಮ್ಮಡಿ ಬೂತುಗ ಕೃಷ್ಣನ ಕಡೆ ನಿಂತು ಕಾದಿದ. ಬೂತುಗನ ಆಳು ಮಣಲೆರನ ಕೆಚ್ಚು ಕಂಡು ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೊಂದು ದಿನ ಕೆಲಲೆನಾಡಿನ ಬೆಳತೂರಿನ ಪಡುವಣ ದಿಬ್ಬದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನೆಟ್ಟು, ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆ ಎಂದು ಶಾಸನ ಎಚ್ಚರಿಸುತ್ತದೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಇವತ್ತಿಗೂ ಒಂದನ್ನೊಂದು ಕಚ್ಚಿಕೊಂಡೇ ಇವೆ.

ನಾಯಿಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಪ್ರಾಣಿಗೂ ವೀರಗಲ್ಲು ನೆಟ್ಟ ನಾಡು ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನನ್ನನ್ನು ಕಾಡುವುದು ಇನ್ನೊಂದು ಪ್ರಾಣಿ. ಒಂದು ಭಾರೀ ಹಂದಿ ದಿಬ್ಬದ ಮೇಲೆ ಸತ್ತು ಬಿದ್ದಿದೆ. ಸುತ್ತ ಬೇಟೆಗೆ ಬಂದ ಆಳುಗಳಿದ್ದಾರೆ, ಅವರಿಗೆ ಹೊಟ್ಟೆಯೂ ಇದೆ. ಆ ಹಂದಿಯನ್ನು ಏನು ಮಾಡಿದರು? ಶಾಸನ ಹೇಳುವುದಿಲ್ಲ, ಹೇಳಬೇಕಾದ ಕೆಲಸವೂ ಅದರದ್ದಲ್ಲ. ಆದರೆ ಹಳಗನ್ನಡ ಮತ್ತು ನಡುಗನ್ನಡದ ಪಾಕಗ್ರಂಥಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಪ್ರಶ್ನೆ ಬಿಟ್ಟುಹೋಗುವುದಿಲ್ಲ. ಏಕೆಂದರೆ ನಾನು ಓದುತ್ತಿರುವ ಕನ್ನಡದ ಪಾಕಗ್ರಂಥಗಳಲ್ಲಿ ಹಂದಿ ಎಂಬ ಪ್ರಾಣಿಯೇ ಇಲ್ಲ.

ಶಾಸನದಲ್ಲಿ ಅದು ಹಂದಿಯಲ್ಲ, ‘ಪಂದಿ’. ಪದದ ಮೊದಲ ಪಕಾರ ಹಕಾರವಾಗುವ ಬದಲಾವಣೆ ಕನ್ನಡದಲ್ಲಿ ಆಗಿನ್ನೂ ನೆಲೆಯೂರಿರಲಿಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು. ಪಕ್ಕದ ಕೊಡವ ಭಾಷೆ ಮಾತ್ರ ಹಳೆಯ ಪಕಾರವನ್ನು ಕೈಬಿಡಲಿಲ್ಲ. ಹಾಗಾಗಿ ಇವತ್ತು ಬೆಂಗಳೂರಿನ ಯಾವುದೋ ಕೊಡಗು ಹೋಟೆಲಿನಲ್ಲಿ ಕೂತು ‘ಒಂದು ಪಂದಿ ಕರಿ’ ಎನ್ನುವ ಸಾಫ್ಟ್‌ವೇರ್ ಹುಡುಗ ತನಗೆ ಗೊತ್ತಿಲ್ಲದೆಯೇ ಬೂತುಗನ ಕಾಲದ ಕನ್ನಡ ಪದವನ್ನು ಉಚ್ಚರಿಸುತ್ತಿರುತ್ತಾನೆ.

ಹಂದಿಯನ್ನು ಹೇಗೆ ಬೇಯಿಸುವುದು ಎಂದು ಕನ್ನಡ ನಾಡಿನಲ್ಲಿ ಕೂತು ಬರೆದವನೊಬ್ಬನಿದ್ದಾನೆ. ಅವನು ಅಡುಗೆಯವನಲ್ಲ, ದೊರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ಭೂಲೋಕಮಲ್ಲ. 1126ರಿಂದ 1138ರವರೆಗೆ ಆಳಿದ. ಅವನ ‘ಮಾನಸೋಲ್ಲಾಸ’, ಇನ್ನೊಂದು ಹೆಸರಲ್ಲಿ ‘ಅಭಿಲಷಿತಾರ್ಥ ಚಿಂತಾಮಣಿ’, ರಾಜನಿಗೆ ಗೊತ್ತಿರಬೇಕಾದ ನೂರು ವಿಷಯಗಳ ಸಂಸ್ಕೃತ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಅನ್ನ, ಬೇಳೆ, ಕಡುಬು, ಹಾಲಿನ ಭಕ್ಷ್ಯಗಳ ಜತೆಗೇ ಮಾಂಸದ ಅಡುಗೆಗಳೂ ಬರುತ್ತವೆ. ಹಂದಿಯ ಮೈಮೇಲೆ ಬಿಳಿ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತು ಬರುವ ತನಕ ಕುದಿನೀರು ಸುರಿಯಬೇಕು. ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಕೂದಲು ಸುಡಬೇಕು. ಆಮೇಲೆ ಇಡೀ ಹಂದಿಯನ್ನು ಬೆಂಕಿಯಲ್ಲಿ ಹದವಾಗಿ ಸುಟ್ಟು, ಹೆಚ್ಚಬೇಕು. ತಾಳೆಗರಿಯಂತೆ ತೆಳ್ಳಗೆ ಸೀಳಿದ ತುಂಡುಗಳ ಮಾತೂ ಬರುತ್ತದೆ. ಗರಿಯಲ್ಲಿ ಬರೆಯುವ ಕಾಲದ ದೊರೆಗೆ ಮಾಂಸ ಹೆಚ್ಚುವಾಗಲೂ ಗರಿಯೇ ನೆನಪಾಗಿದೆ! ಗ್ರಂಥವನ್ನು ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರ್ ಸಂಪಾದಿಸಿದ್ದಾರೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳೂ 1926ರಲ್ಲಿ ಒಂದು ಭಾಗವನ್ನು ಹೊರತಂದರು.

ಇನ್ನೊಂದು ತಮಾಷೆಯೂ ಇದೆ. ಚಾಲುಕ್ಯರ ಲಾಂಛನ ವರಾಹ. ಬಾದಾಮಿಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ಹಿಡಿದು ನಿಂತವನು ವರಾಹಸ್ವಾಮಿ. ನಾಣ್ಯದ ಮೇಲೂ ಹಂದಿಯೇ ಇದ್ದು, ಮುಂದೆ ಚಿನ್ನದ ನಾಣ್ಯಕ್ಕೆ ‘ವರಾಹ’ ಎಂಬ ಹೆಸರೇ ನಿಂತಿತು. ಲಾಂಛನದ ಹಂದಿಗೆ ಕೈಮುಗಿದು ಒಲೆಯ ಮೇಲಿನ ಹಂದಿಯನ್ನು ಉಣ್ಣುವುದರಲ್ಲಿ ಸೋಮೇಶ್ವರನಿಗೆ ಇಕ್ಕಟ್ಟು ಕಾಣಲಿಲ್ಲ.

ಕನ್ನಡದಲ್ಲೇ ಬರೆದ ಅಡುಗೆಯ ಮಾತಿಗೆ ಬಂದರೆ ಚಿತ್ರ ಬೇರೆ. ಇದೇ ಚಾಲುಕ್ಯರ ಆಶ್ರಯದಲ್ಲಿ, ಸೋಮೇಶ್ವರನಿಗೆ ನೂರು ವರ್ಷ ಮೊದಲು, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದ. ಬಾವಿ ತೋಡುವುದು, ಮಳೆಯ ಲಕ್ಷಣ, ಗಿಡಗಳ ರೋಗ ಎಲ್ಲ ಇರುವ ಪುಸ್ತಕದಲ್ಲಿ ಅಡುಗೆಯ ಅಧ್ಯಾಯವೂ ಇದೆ, ಅದು ಸಸ್ಯಾಹಾರದ್ದು. ಐದು ಶತಮಾನ ಕಳೆದು, 16ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಬದನೆಗೆ, ಬಾಳೆಗೆ, ಹಲಸಿಗೆ ಎಷ್ಟೆಷ್ಟು ಬಗೆಯ ಪಾಕ! ಓದುತ್ತಿದ್ದರೆ ಬಾಯಲ್ಲಿ ನೀರೂರುತ್ತದೆ, ಸುಳ್ಳು ಹೇಳುವುದಿಲ್ಲ. ಮಂಗರಸ ಜೈನ. ಅವನ ಹಿರಿಯರು ಚಂಗಾಳ್ವರ ಸಚಿವರು, ಮತ್ತು ಚಂಗಾಳ್ವರ ಆಳ್ವಿಕೆ ಪಿರಿಯಾಪಟ್ಟಣದಿಂದ ಕೊಡಗಿನ ಮೂಡಣ ಭಾಗದ ತನಕ ಹಬ್ಬಿತ್ತು. ಕಾಡುಹಂದಿಯ ಸೀಮೆಯಂಚಿನಲ್ಲೇ ಕೂತು ಅವನು ಬದನೆಕಾಯಿಯ ಬಗ್ಗೆ ಬರೆದ.

ಇದರಲ್ಲಿ ಮಂಗರಸನ ತಪ್ಪೇನಿಲ್ಲ. ಅವನು ತನ್ನ ಮನೆಯ ಅಡುಗೆಯನ್ನು ಬರೆದ, ಪ್ರಾಮಾಣಿಕವಾಗಿ ಬರೆದ. ನನ್ನ ತಕರಾರು ನಮ್ಮ ಕಾಲದವರ ಮೇಲೆ. ಈ ಎರಡು ಮೂರು ಪುಸ್ತಕ ಓದಿ ‘ಪ್ರಾಚೀನ ಕನ್ನಡಿಗರ ಆಹಾರ ಪದ್ಧತಿ’ ಎಂದು ಲೇಖನ ಬರೆಯುವವರ ಮೇಲೆ. ಪುಸ್ತಕದಲ್ಲಿ ಇಲ್ಲದ್ದು ನಾಡಿನಲ್ಲೇ ಇರಲಿಲ್ಲ ಎಂಬ ಭಾವನೆ ಅಂಥ ಲೇಖನಗಳ ಸಾಲುಗಳ ನಡುವೆ ಮೆಲ್ಲಗೆ ನುಸುಳುತ್ತದೆ.

ನಾಡಿನಲ್ಲಿ ಇತ್ತು ಎನ್ನುವುದಕ್ಕೆ ಸಾಕ್ಷಿ ಹೇಳಿದವರು ಹೊರಗಿನವರು. ಮಂಗರಸನ ಕಾಲಕ್ಕೆ ಹತ್ತಿರದಲ್ಲೇ, ಸುಮಾರು 1520ರಲ್ಲಿ, ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ವಿಜಯನಗರದ ಬೀದಿಗಳಲ್ಲಿ ಓಡಾಡಿದ. ಕಟುಕರ ಮನೆಗಳಿರುವ ಬೀದಿಗಳಲ್ಲಿ ಅವನು ಹಂದಿಗಳನ್ನು ಕಂಡ. ಅವು ಎಷ್ಟು ಬೆಳ್ಳಗೆ, ಚೊಕ್ಕಟವಾಗಿದ್ದವೆಂದರೆ ಯಾವ ದೇಶದಲ್ಲೂ ಇದಕ್ಕಿಂತ ಒಳ್ಳೆಯವು ಸಿಗವು ಎಂದು ಬರೆದಿಟ್ಟ. ಬೆಲೆ ನಾಲ್ಕೈದು ಪಣ. ಹತ್ತು ಪಣಕ್ಕೆ ಒಂದು ವರಾಹ ಎಂಬ ಲೆಕ್ಕದಲ್ಲಿ ಅರ್ಧ ವರಾಹಕ್ಕೆ ಒಂದು ಇಡೀ ವರಾಹ! ಅವನ ನಂತರ, ಸುಮಾರು 1535ರ ಹೊತ್ತಿಗೆ ಬರೆದ ಫೆರ್ನಾವೊ ನೂನಿಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನ ಪ್ರಕಾರ ವಿಜಯನಗರದ ಅರಸರು ದನದ ಮಾಂಸ ಮುಟ್ಟುತ್ತಿರಲಿಲ್ಲ. ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ ಎಲ್ಲವನ್ನೂ ತಿನ್ನುತ್ತಿದ್ದರು. ನಮ್ಮ ಕವಿಗಳು ಅದೇ ಊರಿನ ಬಗ್ಗೆ ಬರೆಯುವಾಗ ಅಂಗಡಿಬೀದಿಯಲ್ಲಿ ಮುತ್ತು, ರತ್ನ, ಹೂವು, ಗಂಧ ಕಂಡರು. ಹಂದಿ ಕಣ್ಣಿಗೆ ಬೀಳಲು ಪರದೇಶಿಯೇ ಆಗಬೇಕಿತ್ತೇನೋ.

ಪಾಯೆಸ್ ಹಂಪಿಯಲ್ಲಿ ಓಡಾಡಿದ ಆಸುಪಾಸಿನಲ್ಲೇ, 1521ರ ಮಾರ್ಚ್ ಕೊನೆಯಲ್ಲಿ, ಪೂರ್ವ ಸಮುದ್ರದ ಆಚೆ ಇನ್ನೊಬ್ಬ ಯುರೋಪಿನವ ಹಂದಿಯ ಊಟಕ್ಕೆ ಕೂತಿದ್ದ. ಅವನು ಆಂಟೊನಿಯೊ ಪಿಗಾಫೆಟ್ಟಾ, ಮೆಗಲನ್ನನ ಹಡಗಿನಲ್ಲಿ ಬಂದ ಇಟಲಿಯವ. ಜಾಗ ಇವತ್ತಿನ ಫಿಲಿಪ್ಪೀನ್ಸಿನ ಲಿಮಸಾವಾ ದ್ವೀಪ. ಅಲ್ಲಿನ ದೊರೆ ಪಿಂಗಾಣಿ ಬಟ್ಟಲುಗಳಲ್ಲಿ ಅನ್ನವನ್ನೂ ರಸದ ಸಮೇತ ಹಂದಿಮಾಂಸವನ್ನೂ ಬಡಿಸಿದ. ಅವತ್ತು ಶುಭ ಶುಕ್ರವಾರ, ಕ್ರೈಸ್ತರು ಮಾಂಸ ಮುಟ್ಟಬಾರದ ದಿನ. ಬೇರೆ ದಾರಿಯಿರಲಿಲ್ಲ, ತಿಂದೆ ಎಂದು ಅವನು ಬರೆದುಕೊಂಡಿದ್ದಾನೆ. ಅವನನ್ನು ಅಲ್ಲಿಗೆ ಕರೆದೊಯ್ದ ಮೆಗಲನ್ ನಮ್ಮ ಕಡಲಿಗೆ ಹೊಸಬನಲ್ಲ. 1505ರಲ್ಲಿ ಅಲ್ಮೇಡನ ನೌಕಾಪಡೆಯಲ್ಲಿ ಭಾರತಕ್ಕೆ ಬಂದು ಪಶ್ಚಿಮ ಕರಾವಳಿಯಲ್ಲಿ ಕೆಲವು ವರ್ಷ ಕಳೆದ ಸಿಪಾಯಿ ಅವನು.

ಆ ರಸದ ಬಟ್ಟಲಿನ ಮುಂದಿನ ಕಥೆ ನನಗೆ ಗೊತ್ತಾಗಿದ್ದು ಮನಿಲಾದ ಒಬ್ಬ ಸಂಶೋಧಕಿಯಿಂದ. ಹಳೆಯ ನಿಘಂಟುಗಳ ಮೇಲಿನ ಆನ್‌ಲೈನ್ ಕಾರ್ಯಾಗಾರವೊಂದರಲ್ಲಿ ಪರಿಚಯ. ನಾನು ಕಿಟೆಲ್ ನಿಘಂಟಿನಲ್ಲಿ ಅಡುಗೆಯ ಪದ ಹುಡುಕುತ್ತಿದ್ದೆ, ಆಕೆ ಟಾಗಲಾಗ್ ನಿಘಂಟಿನಲ್ಲಿ. ಪೆದ್ರೊ ದೆ ಸಾನ್ ಬುವೆನಾವೆಂಚುರಾ ಎಂಬ ಸ್ಪೇನಿನ ಪಾದ್ರಿ 1613ರಲ್ಲಿ ಅಚ್ಚು ಹಾಕಿಸಿದ ಟಾಗಲಾಗ್ ನಿಘಂಟಿನಲ್ಲಿ ಒಂದು ನಮೂದು ಇದೆಯಂತೆ: ‘ಸ್ಥಳೀಯರ ಅಡೊಬೊ’. ಅಡೊಬೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಮಾಂಸವನ್ನು ವಿನೆಗರ್, ಬೆಳ್ಳುಳ್ಳಿ, ಮಸಾಲೆಯಲ್ಲಿ ನೆನೆಸಿಡುವುದು. ಸ್ಪೇನಿನವರು ಬರುವ ಮೊದಲೇ ದ್ವೀಪದ ಜನ ಮಾಂಸವನ್ನು ಹುಳಿಯಾದ ಕಳ್ಳಿನಲ್ಲಿ ಬೇಯಿಸುತ್ತಿದ್ದರು. ಸೆಖೆಯ ನಾಡು, ಹುಳಿಯಲ್ಲಿ ಬೆಂದ ಮಾಂಸ ಬೇಗ ಕೆಡುವುದಿಲ್ಲ. ಪಾದ್ರಿಗೆ ಅದು ತಮ್ಮೂರಿನ ಅಡೊಬೊ ಥರ ಕಂಡಿತು, ಆ ಹೆಸರಿಟ್ಟ. ಅಡುಗೆಯ ಮೂಲ ಹೆಸರು ಕಳೆದುಹೋಗಿ, ಇಟ್ಟ ಹೆಸರೇ ನಿಂತಿತು. ಚೀನಾದ ವ್ಯಾಪಾರಿಗಳ ಕಡೆಯಿಂದ ಸೋಯಾ ಸಾಸ್ ಬಂದು ಸೇರಿ ಬಣ್ಣ ಕಪ್ಪಾಯಿತು. ಇವತ್ತು ಫಿಲಿಪ್ಪೀನ್ಸಿನ ಮನೆಮನೆಯ ಅಡುಗೆ ಅದು.

ಅದನ್ನು ಮಾಡಿ ನೋಡಲೇಬೇಕು ಅನ್ನಿಸಿತು. ಆದರೆ ಎಲ್ಲಿ?

ನಾನಿರುವುದು ಉತ್ತರಹಳ್ಳಿಯಲ್ಲಿ. ಬನಶಂಕರಿಯಿಂದ ಬಸ್ಸಿನಲ್ಲಿ ಬಂದರೆ ಹಳೆಯ ಊರಿನ ಓಣಿಗಳು ಮತ್ತು ಹೊಸ ಅಪಾರ್ಟ್‌ಮೆಂಟುಗಳು ಒಂದರ ಮೇಲೊಂದು ಬಿದ್ದಂತಿರುವ ಜಾಗ. ಇಲ್ಲಿ ಬಾಡಿಗೆಗೆ ಮನೆ ಹುಡುಕುವಾಗ ಮೊದಲ ಪ್ರಶ್ನೆ ಅಡ್ವಾನ್ಸ್ ಎಷ್ಟು ಕೊಡ್ತೀರಿ ಎಂಬುದಲ್ಲ, ‘ನೀವು ವೆಜ್ಜಾ?’ ಎಂಬುದು. ಎರಡು ಮನೆ ಈ ಪ್ರಶ್ನೆಯ ಬಾಗಿಲಲ್ಲೇ ಮುಚ್ಚಿಹೋದವು. ಮೂರನೆಯವರು, ‘ಮೊಟ್ಟೆ, ಕೋಳಿ ಪರವಾಗಿಲ್ಲ, ಬೇರೆಯದೆಲ್ಲ ಬೇಡ’ ಎಂದು ಹೇಳಿ ಬೀಗದ ಕೈ ಕೊಟ್ಟರು. ‘ಬೇರೆಯದೆಲ್ಲ’ ಎಂಬ ಆ ಪದವನ್ನು ನೋಡಿ. ಅದು ಏನು ಎಂದು ಅವರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಂಗೇರಿ ರಸ್ತೆಯ ಕಡೆಯಿಂದ ಒಂದು ಕಿಲೋ ತಂದೆ, ಚರ್ಮ ಮತ್ತು ಕೊಬ್ಬು ಎರಡೂ ಇರುವ ಹೊಟ್ಟೆಭಾಗ. ಮನಿಲಾದ ಗೆಳತಿ ಫೋನಿನಲ್ಲಿ ಹೇಳುತ್ತಾ ಹೋದಳು. ಬೆಳ್ಳುಳ್ಳಿ ಒಂದು ಇಡೀ ಗಡ್ಡೆ, ಜಜ್ಜಿದ್ದು. ಕಾಳುಮೆಣಸು ಒಂದು ಚಮಚ, ಪುಡಿ ಮಾಡಬಾರದು. ಅರ್ಧ ಬಟ್ಟಲು ಸೋಯಾ ಸಾಸ್, ಅರ್ಧ ಬಟ್ಟಲು ವಿನೆಗರ್, ಒಂದು ಬಟ್ಟಲು ನೀರು, ಎರಡು ಮೂರು ಎಲೆ. ಅವರ ಎಲೆ ಲಾರೆಲ್ ಮರದ್ದು. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಜಾತಿಯದು, ವಾಸನೆ ಬೇರೆ. ಇರಲಿ, ಅದನ್ನೇ ಹಾಕಿದೆ. ಆಕೆ ಒಂದೇ ಒಂದು ನಿಯಮವನ್ನು ಮೂರು ಸಲ ಹೇಳಿದಳು. ವಿನೆಗರ್ ಹಾಕಿದ ಮೇಲೆ ಅದು ಚೆನ್ನಾಗಿ ಕುದಿಯುವ ತನಕ ಸೌಟು ಆಡಿಸಬಾರದು, ಮುಚ್ಚಳವನ್ನೂ ಹಾಕಬಾರದು. ಹಸಿ ಹುಳಿಯ ಘಾಟು ಹೋಗಲಿ. ಇದು ಆಕೆಯ ಅಮ್ಮನ ನಿಯಮ, ಅವರಮ್ಮನ ನಿಯಮ.

ಹೋಗಲಿ ಎಂದರೆ ಎಲ್ಲಿಗೆ ಹೋಗಬೇಕು? ಕಿಟಕಿಯಿಂದ ಮಹಡಿಯ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕೆಳಗಿನ ಮನೆಗೆ. ಹಂದಿ ಬೇಯುವ ವಾಸನೆ ಅಷ್ಟು ದೂರ ಹೋಗುವುದಿಲ್ಲ, ವಿನೆಗರ್ ಹೋಗುತ್ತದೆ. ಕೆಳಗಿನ ಮನೆಯ ಆಂಟಿ ಬಟ್ಟೆ ಒಣಹಾಕಲು ಮೇಲೆ ಬಂದವರು ಬಾಗಿಲಲ್ಲಿ ನಿಂತು, ‘ಉಪ್ಪಿನಕಾಯಿ ಹಾಕ್ತಿದೀರಾ? ಘಮ್ ಅಂತಿದೆ’ ಎಂದರು. ‘ಒಂಥರಾ ಹಾಗೇ ಆಂಟಿ’ ಎಂದೆ. ಸುಳ್ಳಲ್ಲ. ಉಪ್ಪು, ಹುಳಿ, ಕಾಳುಮೆಣಸು ಹಾಕಿ ಕೆಡದಂತೆ ಇಡುವ ಪದಾರ್ಥಕ್ಕೆ ಉಪ್ಪಿನಕಾಯಿ ಎನ್ನದೆ ಇನ್ನೇನು ಅನ್ನುವುದು? ಆದರೆ ಇನ್ನು ಐನೂರು ವರ್ಷ ಕಳೆದು ಯಾರಾದರೂ ಉತ್ತರಹಳ್ಳಿಯ ಆಹಾರ ಪದ್ಧತಿ ಎಂದು ಆ ಆಂಟಿಯ ಮಾತನ್ನು ಆಧಾರವಾಗಿಟ್ಟು ಬರೆದರೆ, ಆ ಭಾನುವಾರ ನಮ್ಮ ಮಹಡಿಯಲ್ಲಿ ಆದದ್ದು ಉಪ್ಪಿನಕಾಯಿ. ದಾಖಲೆಯಲ್ಲಿ ಒಂದು ಅಡುಗೆ ಕಾಣೆಯಾಗಲು ಯಾರೂ ಪಿತೂರಿ ಮಾಡಬೇಕಿಲ್ಲ. ಕೇಳುವವರಿಗೂ ಹೇಳುವವರಿಗೂ ಇಷ್ಟು ದಾಕ್ಷಿಣ್ಯ ಸಾಕು.

ಒಂದೂಕಾಲು ಗಂಟೆ ಸಣ್ಣ ಉರಿಯಲ್ಲಿ ಬೆಂದಿತು. ರಸ ಇಂಗಿ, ಕೊಬ್ಬು ಬಿಟ್ಟು, ಆ ಕೊಬ್ಬಿನಲ್ಲೇ ತುಂಡುಗಳು ಕಂದು ಬಣ್ಣಕ್ಕೆ ತಿರುಗಿದವು. ಅನ್ನಕ್ಕೆ ಕಲಸಿ ಬಾಯಿಗಿಟ್ಟಾಗ ಅನ್ನಿಸಿದ್ದು, ಇದು ನನಗೆ ಗೊತ್ತಿರುವ ರುಚಿ. ವರ್ಷದ ಹಿಂದೆ ಗೋಣಿಕೊಪ್ಪದ ಸಹಪಾಠಿಯ ಮನೆಯಲ್ಲಿ ತಿಂದಿದ್ದೆ.

ಕೊಡಗಿನ ಪಂದಿ ಕರಿಯಲ್ಲಿ ಸೋಯಾ ಇಲ್ಲ, ವಿನೆಗರ್ ಇಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಸಾಸಿವೆ, ಕಾಳುಮೆಣಸು ಇವನ್ನು ಕಪ್ಪಾಗುವಷ್ಟು ಹುರಿದು ಪುಡಿ ಮಾಡುತ್ತಾರೆ. ಹುಳಿಗೆ ಕಾಚಂಪುಳಿ. ಅದು ಬರುವುದು ಗಾರ್ಸೀನಿಯಾ ಗುಮ್ಮಿಗುಟ್ಟ ಎಂಬ ಮರದ ಹಣ್ಣಿನಿಂದ. ಮಲೆನಾಡಿನವರು ಉಪ್ಪಾಗೆ ಎನ್ನುವುದು ಇದೇ ಮರಕ್ಕೆ. ಮಳೆಗಾಲದಲ್ಲಿ ಹಣ್ಣು ಉದುರುತ್ತದೆ. ಅದನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆಯಿಟ್ಟರೆ, ಕೊಳೆಯುತ್ತಾ ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕುದಿಸಿ ಕುದಿಸಿ, ಕಾಕಂಬಿಯಂತೆ ಕಪ್ಪಾಗಿ ಗಟ್ಟಿಯಾದ ಮೇಲೆ ಬಾಟಲಿಗೆ ತುಂಬುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು.

ಎರಡೂ ಅಡುಗೆ ಮಾಡಿದ ಮೇಲೆ ನನಗೆ ಒಂದು ವ್ಯತ್ಯಾಸ ಹೊಳೆಯಿತು. ಮನಿಲಾದವರು ಹುಳಿಯನ್ನು ಮೊದಲು ಹಾಕುತ್ತಾರೆ, ಕೊಡಗಿನವರು ಕೊನೆಗೆ. ವಿನೆಗರಿನ ಹುಳಿ ಆವಿಯಾಗುವ ಜಾತಿಯದು, ಅದರ ಘಾಟು ಕುದಿದು ಹೋಗಬೇಕು, ಹೋದ ಮೇಲೆ ಉಳಿಯುವುದೇ ರುಚಿ. ಕಾಚಂಪುಳಿಯ ಹುಳಿ ಆವಿಯಾಗಿ ಹೋಗುವಂಥದ್ದಲ್ಲ. ಕುದಿಸಬೇಕಾದಷ್ಟನ್ನು ಬಾಟಲಿಗೆ ಹಾಕುವ ಮೊದಲೇ ಕುದಿಸಿ ಆಗಿದೆ. ಬೇಗ ಹಾಕಿದರೆ ಲಾಭವಿಲ್ಲ, ಮಾಂಸ ಬೆಂದ ಮೇಲೆ ಹಾಕಿದರೆ ಹದ ನೋಡಿಕೊಳ್ಳಬಹುದು. ಎರಡು ಕಡೆಯ ಅಜ್ಜಿಯರೂ ರಸಾಯನಶಾಸ್ತ್ರ ಓದಿದವರಲ್ಲ. ಎರಡು ಕಡೆಯೂ ಹುಳಿ ಮಾಡುವ ಕೆಲಸ ಮಾತ್ರ ಒಂದೇ: ಕೊಬ್ಬಿನ ಜಿಡ್ಡನ್ನು ನಾಲಗೆಯ ಮೇಲಿಂದ ಎತ್ತುವುದು, ಮಾಂಸವನ್ನು ನಾಳೆಗೆ, ನಾಳಿದ್ದಿಗೆ ಉಳಿಸುವುದು.

ಮಂಗಳೂರಿನದು ಮೂರನೆಯ ದಾರಿ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಅವರು ತಂದ, ವೈನು ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುವ ‘ವಿಞ ದಾಲ್ಯುಶ್’ ಕೊಂಕಣಿಗರ ಬಾಯಲ್ಲಿ ವಿಂದಾಲು ಆಯಿತು. ವೈನಿನ ಜಾಗಕ್ಕೆ ತೆಂಗಿನ ಕಳ್ಳಿನ ವಿನೆಗರ್ ಬಂತು, ಅಮೆರಿಕದಿಂದ ಬಂದ ಮೆಣಸಿನಕಾಯಿ ಸೇರಿತು. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಕ್ರೈಸ್ತರ ಮನೆಗಳಲ್ಲಿ ಹಂದಿಗೆ ‘ದುಕ್ರಾ ಮಾಸ್’ ಎಂಬ ಹೆಸರು, ಬಾಫಾತ್ ಪುಡಿ, ಜತೆಗೆ ಸನ್ನ. ಅಡುಗೆಗೆ ವಯಸ್ಸು ಕೇಳುವವರಿಗೆ ಇಲ್ಲೊಂದು ಸುಳಿವಿದೆ. ಮಂಗಳೂರಿನ ಸಾರು ಕೆಂಪು, ಕೊಡಗಿನದು ಕಪ್ಪು. ಕೆಂಪಿಗೆ ಕಾರಣ ಪೋರ್ಚುಗೀಸರ ಹಡಗು. ಕಪ್ಪಿಗೆ ಆ ಹಡಗು ಬೇಕಿರಲಿಲ್ಲ, ಹಿತ್ತಲಿನ ಮೆಣಸಿನ ಬಳ್ಳಿ ಸಾಕಿತ್ತು. ಈಗ ಕೊಡಗಿನಲ್ಲೂ ಹಸಿಮೆಣಸಿನಕಾಯಿ ಹಾಕುತ್ತಾರೆ, ಅದು ಬೇರೆ ಮಾತು.

ಕೊಡಗಿನ ವಿಚಾರದಲ್ಲಿ ಹಂದಿಗೆ ನಾಚಿಕೆ ಅಂಟಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ಪೂಜೆ, ಊಟಕ್ಕೆ ಕಡಂಬಿಟ್ಟು ಮತ್ತು ಪಂದಿ. 1861ರಿಂದ ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಹಂದಿಯ ಬೇಟೆಗೆ ತಡೆ ಬಿತ್ತು, ಒಲೆಯ ಮೇಲೆ ಸಾಕಿದ ಹಂದಿ ಬಂತು. ಹಬ್ಬದ ಎಲೆಯ ಮೇಲೆ ಮಾತ್ರ ಅದರ ಸ್ಥಾನ ಅಲುಗಲಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡು, ಹಬ್ಬ, ಪದ್ಧತಿಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ಉಣ್ಣುವವರೇ ಬರೆದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಅದು ದೊಡ್ಡ ಉದಾಹರಣೆ.

ನಮ್ಮ ಮಂಡ್ಯದ ಕಡೆ ಹಾಗಾಗಲಿಲ್ಲ. ನಮ್ಮೂರು ಮದ್ದೂರು ತಾಲ್ಲೂಕು, ಆತಕೂರಿಗೆ ತೀರಾ ದೂರವೇನಲ್ಲ. ಅಲ್ಲಿ ಹಂದಿ ತಿನ್ನುತ್ತಾರೆ, ಮುದ್ದೆಯ ಜತೆ ಚಪ್ಪರಿಸಿಕೊಂಡು ತಿನ್ನುತ್ತಾರೆ. ಆದರೆ ಒಳಗೆ ತರುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಅದಕ್ಕೆ ಬೇರೆ ಮಡಕೆ, ಬೇರೆ ಸೌಟು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ಗಂಡಸರು ಹುಲ್ಲಿನ ಬೆಂಕಿಯಲ್ಲಿ ಕೂದಲು ಸುಟ್ಟು ಕೆರೆದು ಕೊಡುತ್ತಿದ್ದರು. ಸೋಮೇಶ್ವರ ಮಹಾರಾಜನ ಎರಡನೆಯ ವಿಧಾನ, ನೋಡಿ! ಹೆಂಗಸರು ಬೇಯಿಸುತ್ತಿದ್ದರು. ಬೇಯಿಸಿದವರಲ್ಲಿ ಎಷ್ಟೋ ಜನ ತಾವು ಬಾಯಿಗೆ ಇಡುತ್ತಿರಲಿಲ್ಲ. ಉಪ್ಪು, ಹುಳಿ ಸರಿಯಾಗಿದೆಯೋ ಎಂದು ಅವರು ನೋಡುತ್ತಿದ್ದುದು ಆವಿಯ ವಾಸನೆಯಲ್ಲಿ.

ಕಳೆದ ದಸರಾ ರಜೆಯಲ್ಲಿ ನೋಟ್‌ಬುಕ್ ಹಿಡಿದು ಅಜ್ಜಿಯ ಎದುರು ಕೂತೆ. ಅವಳಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು, ನೆನಪು ಚುರುಕು. ಸೊಸೆಯಂದಿರು ಕುಕ್ಕರಿಗೆ ಪ್ಯಾಕೆಟ್ಟಿನ ಮಸಾಲೆ ಸುರಿಯುವವರು, ಅವಳ ಕೈಯ ಸಾರು ಅವಳೊಂದಿಗೇ ಹೋಗುತ್ತದೆ. ಮಂಗರಸನ ಪಾಕಗಳಿಗೆ ಮುನ್ನೂರಕ್ಕೂ ಹೆಚ್ಚು ಪದ್ಯಗಳ ಆಸರೆ ಇದೆ, ಇವಳದಕ್ಕೆ ಏನೂ ಇಲ್ಲ. ಮೊದಲು ಅವಳು ಒಪ್ಪಲಿಲ್ಲ. ‘ಇದ್ನೆಲ್ಲಾ ಯಾಕ್ ಬರ್ಕತೀಯ ಮಗ? ನಾಕ್ ಜನ ಓದುದ್ರೆ ಏನಂದ್ಕಂಡಾರು? ಒಬ್ಬಟ್ಟು ಮಾಡಾದ್ ಕೇಳು, ಯೋಳ್ತೀನಿ’ ಎಂದಳು. ನಾನು ಆತಕೂರಿನ ಕಲ್ಲಿನ ಕಥೆ ಹೇಳಿದೆ. ನಾಯಿಗೆ ಕಲ್ಲು ನೆಟ್ಟರು ಎಂದಾಗ ತಲೆಯಾಡಿಸಿದಳು. ಹಂದಿಯೂ ಸತ್ತಿತು ಎಂದಾಗ, ‘ಅಷ್ಟ್ ದೊಡ್ ಅಂದಿಯ ಬುಟ್ಬುಟ್ಟಾರಾ?’ ಎಂದು ನಕ್ಕಳು. ಮೇಲ್ವ್ಯಾಖ್ಯಾನ ಬೇಕಿಲ್ಲದ ಶಾಸನ ವಿಮರ್ಶೆ.

ಕೊನೆಗೆ ಒಂದು ಷರತ್ತಿನ ಮೇಲೆ ಹೇಳಿದಳು. ಹೆಸರು ಹಾಕಕೂಡದು. ಹಾಗಾಗಿ ಪ್ರಬಂಧದಲ್ಲಿ ಅವಳು ‘ವಕ್ತೃ, ಮಹಿಳೆ, 80 ದಾಟಿದ ವಯಸ್ಸು, ಮದ್ದೂರು ತಾಲ್ಲೂಕು’ ಎಂದಷ್ಟೇ ಇರುತ್ತಾಳೆ. ಹೇಳಿದ್ದು ಇಷ್ಟು: ಕೊಬ್ಬನ್ನು ಬೇರೆ ಮಾಡಿ ಮೊದಲು ಮಡಕೆಗೆ ಹಾಕಬೇಕು, ಎಣ್ಣೆ ಬೇಡ, ಅದೇ ಎಣ್ಣೆ ಬಿಡುತ್ತದೆ. ಅದರಲ್ಲಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ. ಆಮೇಲೆ ತುಂಡು, ಅರಿಶಿನ, ಕಲ್ಲುಪ್ಪು. ನೀರು ಬಿಟ್ಟುಕೊಂಡು ಅದೇ ನೀರಲ್ಲಿ ಬೇಯಬೇಕು. ಹುರಿದ ಕೊತ್ತಂಬರಿ, ಮೆಣಸು, ಒಣಮೆಣಸಿನಕಾಯಿ, ಚಕ್ಕೆ ಒರಳಲ್ಲಿ ರುಬ್ಬಿದ್ದು. ತೆಂಗಿನಕಾಯಿ ಹಾಕಬಾರದು, ಕೊಬ್ಬಿನ ಮೇಲೆ ಕೊಬ್ಬಾಗುತ್ತದೆ. ಹುಣಸೆಹುಳಿ ಕೊನೆಗೆ. ಹುಳಿ ಎಷ್ಟು ಎಂದು ಕೇಳಿದೆ. ‘ಕೊಬ್ಬು ನಾಲ್ಗೆಗೆ ಅಂಟ್ಕಬಾರ್ದು, ಅಷ್ಟು’ ಎಂದಳು. ಗ್ರಾಂನಲ್ಲಿ ಬೇಕು ಎಂದು ನನ್ನ ಪ್ರಶ್ನಾವಳಿಯ ಖಾನೆ ಕೇಳುತ್ತಿತ್ತು. ಅವಳ ಮಾತನ್ನೇ ಅಲ್ಲಿ ಬರೆದುಕೊಂಡೆ.

ಮುಗಿಯಿತು ಎಂದು ಪುಸ್ತಕ ಮುಚ್ಚುವಾಗ ಕೈ ಹಿಡಿದು ನಿಲ್ಲಿಸಿದಳು. ಉಂಡಾದ ಮೇಲೆ ಮಡಕೆಯನ್ನು ಬೂದಿ ಹಾಕಿ ಹಿತ್ತಲಲ್ಲೇ ತೊಳೆಯಬೇಕು, ಒಳಗೆ ತರಬಾರದು, ತೆಂಗಿನಮರದ ಬುಡದಲ್ಲಿ ಬೋರಲು ಹಾಕಿಡಬೇಕು.

‘ಅದ್ನೂ ಬರ್ಕೊ’ ಎಂದಳು.